ಗಂಜಿಗೂ ಒಂದು ಗತ್ತು

‘ಗಂಜಿಗೂ ಗತಿಯಿಲ್ಲ’ ಎನ್ನುವ ಮಾತು ನಮ್ಮಲ್ಲುಂಟು. ಜ್ವರ ಬಂದರೆ ಗಂಜಿ, ನೆರೆ ಬಂದರೆ ಗಂಜಿ ಕೇಂದ್ರ. ಹೀಗೆ ಗಂಜಿಯನ್ನು ನಾವು ಬಡತನ, ಕಾಯಿಲೆಗಳ ಜೊತೆಗೇ ಕೂರಿಸಿಬಿಟ್ಟಿದ್ದೇವೆ. ಆದರೆ ಅದೇ ಗಂಜಿಯನ್ನು ತಮ್ಮ ಕುಲದ ಹೆಮ್ಮೆ ಎಂದು ಉಣ್ಣುವ ಜನರಿದ್ದಾರೆ. ಅವರೇ ಚೀನಾದ ಟಿಯೋಚ್ಯೂ ಜನ.

ಗುವಾಂಗ್‌ಡಾಂಗ್ ಪ್ರಾಂತ್ಯದ ಪೂರ್ವ ತುದಿಯಲ್ಲಿರುವ ಚಾವೊಝೌ, ಶಾಂಟೌ ಸುತ್ತಿನ ಕರಾವಳಿ ಇವರ ಮೂಲನೆಲೆ. ಜನ ಹೆಚ್ಚು, ಗದ್ದೆ ಕಡಿಮೆ. ನೀರು ಹೆಚ್ಚಿಗೆ ಹಾಕಿ ಬೇಯಿಸಿದರೆ ಅಷ್ಟೇ ಅಕ್ಕಿಯಲ್ಲಿ ಇನ್ನೂ ನಾಲ್ಕು ಹೊಟ್ಟೆ ತುಂಬುತ್ತಿತ್ತು. 1860ರಲ್ಲಿ ಶಾಂಟೌ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡ ಮೇಲೆ ಅಪಾರ ಜನ ಹಡಗು ಹತ್ತಿ ಸಿಂಗಪುರ, ಮಲಯ, ಥಾಯ್ಲೆಂಡ್‌ಗಳಿಗೆ ದುಡಿಯಲು ಹೋದರು. ಅವರ ಜೊತೆ ಗಂಜಿಯೂ ಹೋಯಿತು. ಇಂದು ಸಿಂಗಪುರದ ಚೀನೀಯರಲ್ಲಿ ಟಿಯೋಚ್ಯೂಗಳದು ಎರಡನೆಯ ದೊಡ್ಡ ಗುಂಪು.

ಅವರು ‘ಮ್ವೇ’ ಎಂದು ಕರೆಯುವ ಈ ಗಂಜಿಯನ್ನು ಮಾಡುವುದು ಸುಲಭ. ಹದ ಹಿಡಿಯುವುದು ಮಾತ್ರ ಕಷ್ಟ. ಕ್ಯಾಂಟನ್ ಕಡೆಯವರು ಅಕ್ಕಿ ಕರಗಿ ನುಣ್ಣಗಾಗುವವರೆಗೆ ಕುದಿಸುತ್ತಾರೆ. ಟಿಯೋಚ್ಯೂಗಳು ಅಗುಳು ಅರಳುತ್ತಿದ್ದಂತೆ ಒಲೆ ಆರಿಸಿ, ಮುಚ್ಚಿಟ್ಟುಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಇಡಿಯಾದ ಅಗುಳು ತಳಕ್ಕಿಳಿದು, ಮೇಲೆ ಮಂದವಾದ ತಿಳಿ ನಿಲ್ಲುತ್ತದೆ. ಅದಕ್ಕೆ ಉಪ್ಪಿಲ್ಲ, ಒಗ್ಗರಣೆಯಿಲ್ಲ.

ರುಚಿಯೆಲ್ಲ ಸುತ್ತಲಿನ ಪುಟ್ಟ ತಟ್ಟೆಗಳಲ್ಲಿದೆ. ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆದ ಬಾತುಕೋಳಿ ಮೊಟ್ಟೆ, ಒಣಗಿಸಿದ ಉಪ್ಪು ಮೂಲಂಗಿ ಬೆರೆಸಿದ ಆಮ್ಲೆಟ್, ಹುಳಿ ಬರಿಸಿದ ಸಾಸಿವೆ ಸೊಪ್ಪು, ಹುರಿದ ಕಡಲೆಕಾಯಿ ಬೀಜ, ಹಬೆಯಲ್ಲಿ ಬೇಯಿಸಿದ ಮೀನು, ಸೋಯಾ ಸಾರಿನಲ್ಲಿ ಚಕ್ಕೆ, ಚಕ್ರಮೊಗ್ಗಿನೊಂದಿಗೆ ನಿಧಾನವಾಗಿ ಬೆಂದ ಬಾತುಕೋಳಿ. ತಟ್ಟೆಗಳು ಮೇಜಿನ ನಡುವೆ, ಎಲ್ಲರಿಗೂ ಸೇರಿ. ಒಂದು ಚೂರು ಕಚ್ಚುವುದು, ಎರಡು ಗುಟುಕು ಗಂಜಿ ಹೀರುವುದು.

ಇಷ್ಟೊಂದು ಉಪ್ಪೇಕೆ? ವಿದ್ಯಾರ್ಥಿಗಳಿಗೆ ಇಲ್ಲೊಂದು ವಿಜ್ಞಾನದ ಪಾಠವಿದೆ. ಉಪ್ಪು ತರಕಾರಿಯ ನೀರನ್ನು ಹೊರಗೆಳೆಯುತ್ತದೆ. ನೀರಿಲ್ಲದೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಫ್ರಿಜ್ ಇಲ್ಲದ ಕಾಲದಲ್ಲಿ ಸುಗ್ಗಿಯ ಮೂಲಂಗಿ ತಿಂಗಳುಗಟ್ಟಲೆ ಉಳಿಯುತ್ತಿದ್ದುದು ಹೀಗೆ. ಉಪ್ಪು ಖಾರವಾಗಿದ್ದರೆ ಒಂದು ಚೂರಿನಲ್ಲೇ ಬಟ್ಟಲು ಗಂಜಿ ಇಳಿಯುತ್ತಿತ್ತು ಎಂಬ ಉಳಿತಾಯದ ಲೆಕ್ಕವೂ ಇತ್ತು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಇಂದಿಗೂ ಆ ಚೂರು ಚಿಕ್ಕದಾಗಿದ್ದರೇ ಚೆನ್ನ.

ಇಂಗ್ಲಿಷರು ಈ ಗಂಜಿಯನ್ನು ‘ಕಾಂಜಿ’ ಎನ್ನುತ್ತಾರೆ. ಆ ಪದ ಚೀನಾದ್ದಲ್ಲ; ತಮಿಳಿನ ‘ಕಂಜಿ’ಯಿಂದ ಹೋದದ್ದು, ನಮ್ಮ ಗಂಜಿಯ ಒಡಹುಟ್ಟು. ದಕ್ಷಿಣ ಕನ್ನಡ, ಉಡುಪಿಗಳ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿಯ ಪಕ್ಕದಲ್ಲಿ ಉಪ್ಪಿನಕಾಯಿ, ಚಟ್ನಿ, ಒಣಮೀನು ಕೂರುವುದೂ ಇದೇ ಲೆಕ್ಕದಲ್ಲಿ.

ಸಿಂಗಪುರದಲ್ಲಿ ಅಂದು ತಾತ ಹಸಿವಿಗೆ ಉಂಡದ್ದನ್ನು ಇಂದು ಮೊಮ್ಮಕ್ಕಳು ಹೋಟೆಲಿನಲ್ಲಿ ಹಣ ಕೊಟ್ಟು, ಇಷ್ಟಪಟ್ಟು ಉಣ್ಣುತ್ತಾರೆ. ಕಷ್ಟದ ದಿನಗಳ ಊಟವನ್ನು ಅವರು ನಾಚಿಕೆಯೆಂದು ಬಚ್ಚಿಡಲಿಲ್ಲ. ನಮ್ಮ ಮಕ್ಕಳ ಡಬ್ಬಿಯಲ್ಲಿ ರೊಟ್ಟಿ, ಮುದ್ದೆ, ಗಂಜಿಗಳಿಗೆ ಸಂಕೋಚ ಮೊದಲಾಗಿರುವಾಗ ಇದನ್ನು ನೆನೆಯಬೇಕು. ಈ ಭಾನುವಾರ ಮನೆಯಲ್ಲಿ ಗಂಜಿ ಮಾಡಿ. ಹಿಂದೆ ಅದರ ಪಕ್ಕದಲ್ಲಿ ಏನೇನಿರುತ್ತಿತ್ತು ಎಂದು ಅಜ್ಜಿಯನ್ನು ಮಕ್ಕಳೇ ಕೇಳಲಿ.