ಮಳೆಗಾಲ, ಶಾಲೆ ಮತ್ತು ಮುಟ್ಟಿನ ದಿನಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ಕೆಡ್ಡಸವೆಂಬ ಆಚರಣೆಯುಂಟು. ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ ಭೂಮಿತಾಯಿ ಮುಟ್ಟಾಗುವಳೆಂದು ನಂಬಿ ತುಳುವರು ಮೂರು ದಿನ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಕಡೆಯ ದಿನ ಎಣ್ಣೆ, ಸೀಗೆ, ಅರಿಸಿನ, ಕುಂಕುಮಗಳನ್ನು ಆಕೆಗೆ ಅರ್ಪಿಸುತ್ತಾರೆ. ಭೂಮಿಗೆ ಇಷ್ಟು ಆದರವಿರುವ ಇದೇ ನಾಡಿನಲ್ಲಿ ಹದಿಮೂರರ ಬಾಲೆ ಮುಟ್ಟಾದರೆ ಆ ಮಾತನ್ನು ಪಿಸುದನಿಯಲ್ಲಿ ಆಡುತ್ತೇವೆ. ‘ಹೊರಗಾಗಿದ್ದಾಳೆ’ ಎಂಬ ನುಡಿಯೇ ಅವಳನ್ನು ಮನೆಯಿಂದಾಚೆ ಇರಿಸಿಬಿಡುತ್ತದೆ.

ಇಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟೊಟ್ಟಿಗೆ. ಬಟ್ಟೆ ಬಳಸುವ ಹುಡುಗಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು ಕಷ್ಟಕಾಲ. ಬಿಸಿಲಿಲ್ಲ, ಬಂದರೂ ಅಂಗಳದಲ್ಲಿ ಹರವಲು ಸಂಕೋಚ. ಬಚ್ಚಲ ಮೂಲೆಯಲ್ಲಿ ಅರೆ ಒಣಗಿದ್ದನ್ನೇ ಮತ್ತೆ ಉಪಯೋಗಿಸಿದರೆ ತುರಿಕೆ, ಸೋಂಕು ತಪ್ಪಿದ್ದಲ್ಲ. ನಾಲ್ಕಾರು ಗಂಟೆಗೊಮ್ಮೆ ಬದಲಿಸಬೇಕೆಂದು ವೈದ್ಯರೇನೋ ಹೇಳುತ್ತಾರೆ. ನೀರು, ಚಿಲಕಗಳಿಲ್ಲದ ಶೌಚಾಲಯವಿದ್ದಲ್ಲಿ ಬದಲಿಸುವುದೆಲ್ಲಿ? ಅಂಥ ದಿನ ನೀರು ಕುಡಿಯಲೂ ಹೆದರಿಕೆ, ಆಟಕ್ಕೆ ಇಳಿಯಲೂ ಹೆದರಿಕೆ. ಉತ್ತರ ಗೊತ್ತಿದ್ದವಳೂ ಲಂಗಕ್ಕೆ ಕಲೆಯಾಗಿರಬಹುದೆಂದು ತರಗತಿಯಲ್ಲಿ ಎದ್ದು ನಿಲ್ಲಳು. ಕೊನೆಗೆ ಮನೆಯಲ್ಲೇ ಉಳಿಯುತ್ತಾಳೆ. ನಾವು ಹೊಟ್ಟೆನೋವೆಂದು ರಜೆಚೀಟಿ ಬರೆದುಕೊಡುತ್ತೇವೆ.

ಸರಕಾರಿ ಶಾಲೆಯ ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವ ‘ಶುಚಿ’ ಯೋಜನೆ 2013-14ರಲ್ಲಿ ಆರಂಭವಾಗಿ, ಕೋವಿಡ್ ಕಾಲದಲ್ಲಿ ನಿಂತು, 2024ರಲ್ಲಿ ಮರಳಿತು. ಅದೇ ವರ್ಷ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಮುಟ್ಟಿನ ಕಪ್ಪುಗಳನ್ನೂ ಹಂಚಲಾಯಿತು. ಇವೆಲ್ಲ ಒಳ್ಳೆಯವೇ. ಆದರೆ ಮನೆಯೊಳಗಿನ ಮೌನವನ್ನು ಸರಕಾರ ಮುರಿಯಲಾರದು.

ಈ ವಿಷಯದಲ್ಲಿ ನಾವು ಹೆಚ್ಚು ನಾಚಬೇಕು. ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದರು; ರಜಸ್ಸೂತಕವೂ ಅವುಗಳಲ್ಲೊಂದು. ಇಷ್ಟಲಿಂಗವನ್ನು ಧರಿಸಿದವಳಿಗೆ ಆ ದಿನಗಳಲ್ಲಿ ಪೂಜೆಯ ನಿಷೇಧವಿಲ್ಲ. ಹೀಗಿದ್ದೂ ನೆರೆಯವರು ಏನೆಂದಾರೋ ಎಂದು ಮಗಳನ್ನು ಅಡುಗೆಮನೆಯ ಹೊಸ್ತಿಲಲ್ಲೇ ತಡೆಯುವ ತಾಯಂದಿರು ನಮ್ಮಲ್ಲಿಲ್ಲವೆ? ತಂದೆಯರಂತೂ ಇದು ತಮಗೆ ಸೇರಿದ್ದಲ್ಲವೆಂದು ಪತ್ರಿಕೆಯ ಹಿಂದೆ ಮುಖ ಮರೆಸುತ್ತಾರೆ (ಈ ಪುಟವನ್ನಾದರೂ ಓದಿಯಾರೆಂದು ಆಶಿಸುತ್ತೇವೆ).

ಮೊದಲ ಒಂದೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜವೆಂದು ಮಗಳಿಗೆ ಮೊದಲೇ ತಿಳಿಸಿರಬೇಕು. ಬಟ್ಟೆಯನ್ನು ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ, ಮಳೆಗಾಲದಲ್ಲಿ ಒಲೆಯ ಕಾವಿನ ಬಳಿ, ಪೂರ್ತಿ ಒಣಗಿಸಬೇಕು. ಶಾಲೆಯಲ್ಲಿ ವಾರಕ್ಕೊಂದರಂತೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನುಂಗುತ್ತಾಳೋ ಎಸೆಯುತ್ತಾಳೋ ವಿಚಾರಿಸಿಕೊಳ್ಳಿ. ಸ್ರಾವ ಏಳು ದಿನ ಮೀರಿದರೆ, ನೋವಿನಿಂದ ತಿಂಗಳು ತಿಂಗಳೂ ಶಾಲೆ ತಪ್ಪುತ್ತಿದ್ದರೆ, ಕಷಾಯದಲ್ಲೇ ಕಾಲ ಕಳೆಯದೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸತಕ್ಕದ್ದು.