ಉಪವಿಷಯವಾಗಿ ಪುರಾತತ್ತ್ವಶಾಸ್ತ್ರ

ಠಾಣೆಯ ಘೋಡಬಂದರ್ ರಸ್ತೆಯ ಒಂದು ಮಗ್ಗುಲಿಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಿವೆ. ಇನ್ನೊಂದು ಮಗ್ಗುಲಿಗೆ ಕಡಲ ಖಾಡಿ. ರಸ್ತೆಗೆ ಹೆಸರು ಕೊಟ್ಟ ಘೋಡಬಂದರಿನಲ್ಲಿ ಪೋರ್ಚುಗೀಸರು ಕಟ್ಟಿದ, 1737ರಲ್ಲಿ ಮರಾಠರು ಗೆದ್ದುಕೊಂಡ ಕೋಟೆಯಿದೆ. ಗುಡ್ಡಗಳ ನಡುವೆ ಕಾನ್ಹೇರಿಯ ಬೌದ್ಧ ಗುಹೆಗಳು. ಅಲ್ಲಿನ 9ನೆಯ ಶತಮಾನದ ಸಂಸ್ಕೃತ ಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರೂ ಅವನ ಸಾಮಂತರಾದ ಶಿಲಾಹಾರರ ಹೆಸರೂ ಬರುತ್ತವೆ. ‘ಕವಿರಾಜಮಾರ್ಗ’ದೊಡನೆ ಕನ್ನಡಿಗರು ನೆನೆಯುವ ಅಮೋಘವರ್ಷ ಇವನೇ. ಠಾಣೆ, ಡೊಂಬಿವಲಿಗಳ ಕನ್ನಡ ಮನೆಗಳ ವಿದ್ಯಾರ್ಥಿಗೆ ಪುರಾತತ್ತ್ವವು ದೂರದ ವಿಷಯವೇನಲ್ಲ.

ಆದರೆ ಅದನ್ನೇ ಮುಖ್ಯ ವಿಷಯವಾಗಿ ಆರಿಸಿಕೊಳ್ಳಲು ಅನೇಕರು ಹಿಂಜರಿಯುತ್ತಾರೆ. ಅಂಥವರಿಗೆ ಉಪವಿಷಯವೊಂದು ದಾರಿ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪಠ್ಯಕ್ರಮ ಚೌಕಟ್ಟಿನಂತೆ, ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳಲ್ಲಿ ಕನಿಷ್ಠ 24 ಉಪವಿಷಯಕ್ಕೆ ಸಲ್ಲುತ್ತವೆ. ಆದರೂ ಎಲ್ಲ ಕಾಲೇಜುಗಳಲ್ಲಿ ಎಲ್ಲ ವಿಷಯಗಳೂ ದೊರೆಯುವುದಿಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮಗಳೂ ಬೇರೆ. ಪ್ರವೇಶಕ್ಕೆ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಪುರಾತತ್ತ್ವವೆಂದರೆ ನಿಧಿ ಹುಡುಕುವುದೆಂಬ ಭಾವನೆ ಇನ್ನೂ ಉಳಿದಿದೆ. ವಾಸ್ತವವಾಗಿ ಈ ಶಾಸ್ತ್ರದ ಮೊದಲ ಪಾಠವೇ ಮಣ್ಣಿನ ಪದರಗಳನ್ನು ಓದುವುದು. ಕದಡದ ನೆಲದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಕಲ್ಲುಕೊಡಲಿಯ ಜನರು, ಅವರ ಮೇಲೆ ಬೃಹತ್ ಶಿಲಾಸಮಾಧಿಯ ಜನರು, ಅದಕ್ಕೂ ಮೇಲೆ ಶಾತವಾಹನ ಕಾಲದವರು, ಹೀಗೆ ಮೂರು ಸಂಸ್ಕೃತಿಗಳ ಅನುಕ್ರಮ ಕಂಡಿತು. ಕಾಲವನ್ನು ನಿರ್ಣಯಿಸಲು ಚಂದ್ರವಳ್ಳಿಯ ರೋಮನ್ ನಾಣ್ಯಗಳೂ, ಅರಿಕಮೇಡುವಿನಲ್ಲಿ ಮೊದಲೇ ಗುರುತಿಸಿದ್ದ ಮಡಕೆಯ ಬಗೆಯೂ ನೆರವಾದವು. ಒಡೆದ ಮಡಕೆಯ ಚೂರು ಚಿನ್ನಕ್ಕಿಂತ ಹೆಚ್ಚು ಹೇಳಬಲ್ಲದು. ಅದು ಯಾವ ಪದರದಲ್ಲಿತ್ತೆಂಬುದು ದಾಖಲಾಗಿರಬೇಕು, ಅಷ್ಟೆ.

ಮುಖ್ಯ ವಿಷಯ ಯಾವುದಿದ್ದರೂ ಇಲ್ಲಿ ಉಪಯೋಗವುಂಟು. ಭೂವಿಜ್ಞಾನದ ವಿದ್ಯಾರ್ಥಿ ಕಲ್ಲಿನ ಮೂಲವನ್ನು ಗುರುತಿಸಬಲ್ಲ, ರಸಾಯನವಿಜ್ಞಾನದವನು ಲೋಹವನ್ನು ಪರೀಕ್ಷಿಸಬಲ್ಲ. ಹಳಗನ್ನಡ ಬಲ್ಲವರಿಗಂತೂ ಶಾಸನಗಳ ಬಾಗಿಲು ತೆರೆದಂತೆಯೇ.

ಉದ್ಯೋಗದ ಮಾತನ್ನು ಮಾತ್ರ ಮುಚ್ಚಿಡಬಾರದು. ಕೇವಲ ಉಪವಿಷಯದ ಬಲದಿಂದ ಪುರಾತತ್ತ್ವಜ್ಞರ ಹುದ್ದೆ ದೊರೆಯಲಾರದು. ಸ್ನಾತಕೋತ್ತರ ವ್ಯಾಸಂಗ ಅಗತ್ಯ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂಸ್ಥೆಯೊಂದು ಗ್ರೇಟರ್ ನೋಯ್ಡಾದಲ್ಲಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದ ಪ್ರಕಟಣೆಯಲ್ಲಿ ಅದರ ಪ್ರವೇಶಾರ್ಹತೆಗೆ ಕನ್ನಡ ಎಂ.ಎ. ಪದವಿಯನ್ನೂ ಸೇರಿಸಲಾಯಿತು.

ಹುದ್ದೆ ಸಿಗದಿದ್ದರೂ ಈ ಕಲಿಕೆ ವ್ಯರ್ಥವಲ್ಲ. 1787ರಲ್ಲಿ ಠಾಣೆಯ ಕೋಟೆಯಲ್ಲಿ ಹೊಸ ಕಟ್ಟಡಕ್ಕೆ ಅಡಿಪಾಯ ತೋಡುವಾಗ ಶಿಲಾಹಾರ ಅರಿಕೇಸರಿಯ ಶಕ 939ರ, ಎಂದರೆ ಕ್ರಿ.ಶ. 1017ರ, ತಾಮ್ರಶಾಸನ ದೊರೆಯಿತು. ಕಂಡವರು ಅದನ್ನು ಬಲ್ಲವರಿಗೆ ಮುಟ್ಟಿಸಿದ್ದರಿಂದ ಉಳಿಯಿತು. ಹಳೆಯ ತಾಮ್ರದ ಬೆಲೆಗೆ ಹೋಗಿದ್ದರೆ ಆ ದೊರೆಯ ಒಂದು ದಾನವೇ ಅಳಿದುಹೋಗುತ್ತಿತ್ತು. ಇಂದು ಘೋಡಬಂದರ್ ರಸ್ತೆಯ ಉದ್ದಕ್ಕೂ ಬಹುಮಹಡಿ ಕಟ್ಟಡಗಳಿಗೆ ಅಡಿಪಾಯ ತೋಡಲಾಗುತ್ತಿದೆ. ಈಗ ಅಗೆಯುವುದು ಯಂತ್ರ. ಅದು ಒಂದು ಗಳಿಗೆಯಲ್ಲಿ ಹತ್ತು ಶತಮಾನಗಳ ಪದರಗಳನ್ನು ಲಾರಿಗೆ ತುಂಬಬಲ್ಲದು. ಪಕ್ಕದಲ್ಲಿ ನಿಂತವರಲ್ಲಿ ಒಬ್ಬರಿಗಾದರೂ ಕೆತ್ತಿದ ಕಲ್ಲಿನ ಗುರುತು ಸಿಗಬೇಕು. ನೆಲದಡಿಯಲ್ಲಿ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಕ್ಷೇಪ ಕಂಡರೆ ಜಿಲ್ಲಾಧಿಕಾರಿಗೆ ಲಿಖಿತ ಸೂಚನೆ ಕೊಡಬೇಕೆಂದು 1878ರ ನಿಕ್ಷೇಪ ಅಧಿನಿಯಮ ವಿಧಿಸುತ್ತದೆ.