ಲಾಭಾಂಶವಿಲ್ಲದ ಷೇರು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಲಕ್ಷದಷ್ಟು ಜನಸಂಖ್ಯೆಯ ಪುಟ್ಟ ನಗರ. ಅಲ್ಲಿನ ‘ಪ್ಯಾಕರ್ಸ್’ ಅಮೆರಿಕನ್ ಫುಟ್‌ಬಾಲ್ ತಂಡವು 2010ರ ಋತುವಿನ 16 ಪಂದ್ಯಗಳಲ್ಲಿ ಆರನ್ನು ಸೋತು, ಪ್ರಯಾಸದಿಂದ ನಾಕೌಟ್ ಹಂತ ತಲುಪಿತು. ಎದುರಾಳಿಗಳ ಊರುಗಳಲ್ಲಿಯೇ ಮೂರು ಪಂದ್ಯ ಗೆದ್ದು, 2011ರ ಫೆಬ್ರವರಿ 6ರಂದು ಪಿಟ್ಸ್‌ಬರ್ಗ್ ತಂಡವನ್ನು 31-25ರಿಂದ ಮಣಿಸಿ ಸೂಪರ್ ಬೌಲ್ ಗಳಿಸಿತು.

ಲೆಕ್ಕಪರಿಶೋಧಕನಾದ ನನ್ನ ಕುತೂಹಲವಿರುವುದು ಮುಂದಿನ ಸಂಗತಿಯಲ್ಲಿ. ಅದೇ ಡಿಸೆಂಬರಿನಲ್ಲಿ ಕ್ರೀಡಾಂಗಣದ ವಿಸ್ತರಣೆಗಾಗಿ ತಂಡವು ತಲಾ 250 ಡಾಲರಿನ ಷೇರು ನೀಡಿಕೆ ಆರಂಭಿಸಿತು. ಲಾಭಾಂಶವಿಲ್ಲ, ಮಾರುಕಟ್ಟೆಯಲ್ಲಿ ಮಾರುವಂತಿಲ್ಲ; ಮತದಾನದ ಹಕ್ಕುಂಟು, ಅಷ್ಟೆ. ನನ್ನ ಕಕ್ಷಿದಾರರು ಕೇಳಿದ್ದರೆ ಬೇಡವೆಂದೇ ಹೇಳುತ್ತಿದ್ದೆ. ಆದರೂ ಎರಡೂವರೆ ಲಕ್ಷಕ್ಕೂ ಅಧಿಕ ಷೇರುಗಳು ಮಾರಾಟವಾದವು. 1923ರಲ್ಲಿ ಹಣವಿಲ್ಲದೆ ತತ್ತರಿಸುತ್ತಿದ್ದ ಈ ತಂಡವನ್ನು ಊರಿನವರು ಐದೈದು ಡಾಲರಿನ ಷೇರು ಕೊಂಡು ಉಳಿಸಿಕೊಂಡಿದ್ದರು. ಜೊತೆಗೆ ಇಡೀ ಋತುವಿನ ಟಿಕೆಟನ್ನೂ ಕೊಳ್ಳಬೇಕೆಂಬ ಕರಾರಿತ್ತು.